ಎಲ್ಡನ್‌ನ ಟ್ಯಾಂಕೂ ಮೂರು ಬೇಡಗಳೂ

ಮದುವೆಯಾಗಿ ನಲವತ್ತೊಂದು ವರ್ಷ ಕಳೆದ ಮೇಲೆ ಎಲ್ಡನ್ ಸೊಲೆಮ್ ತನ್ನ ಹೆಂಡತಿಯಿಂದ ಒಂದು ವರ ಸಂಪಾದಿಸಿದ್ದ. ಮಿನೆಸೋಟದ ಹಿಮ ಬಿಟ್ಟು, ಮನೆಯ ಸಕಲ ಸೌಕರ್ಯಗಳಿರುವ (ಇದು ಮಾರಿದವನ ಮಾತು) ಟ್ರೇಲರನ್ನು ಗಾಡಿಯ ಹಿಂದೆ ಕಟ್ಟಿಕೊಂಡು, ಚಳಿಗಾಲವಿಡೀ ಅರಿಜೋನದ ಮರಳುಗಾಡಿನಲ್ಲಿ ಕಳೆಯುವ ವರ. ವರ್ಲಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ದಿನಾ ಸ್ನಾನಕ್ಕೆ ನೀರಿರ್ಬೇಕು. ಒಂದು ದಿನ ತಪ್ಪಿದ್ರೂ ನಾನು ಊರಿಗೆ, ಟ್ರೇಲರ್ ಮಾರಾಟಕ್ಕೆ."

ಬಂದ ಐದನೆಯ ದಿನಕ್ಕೆ ಟ್ರೇಲರಿನ ಹೊಟ್ಟೆಯಿಂದ ನೀರು ತೊಟ್ಟಿಕ್ಕತೊಡಗಿತು. ಎಲ್ಡನ್ ಹೆದರಲಿಲ್ಲ. ಮೂವತ್ತನಾಲ್ಕು ವರ್ಷ ಹಾಲಿನ ಡೇರಿಯಲ್ಲಿ ಆನೆಗಾತ್ರದ ಟ್ಯಾಂಕುಗಳನ್ನು ದುರಸ್ತಿ ಮಾಡಿ ನಿವೃತ್ತನಾದ ಮಹಾನುಭಾವ ಅವನು. ಟ್ರೇಲರನ್ನು ಊರಿಗೆ ಎಳೆದುಕೊಂಡು ಹೋಗಿ ಟ್ಯಾಂಕು ತುಂಬಿಸಿ, ಅಲ್ಲೇ ಒಂದು ಗಂಟೆ ಬಗ್ಗಿ ನೋಡಿದ. ಒಂದು ಹನಿಯೂ ಇಲ್ಲ. ಗೆದ್ದೆನೆಂದು ವಾಪಸು ಬಂದು ಅದೇ ಜಾಗದಲ್ಲಿ ನಿಲ್ಲಿಸಿದರೆ, ಮತ್ತೆ ತೊಟ ತೊಟ.

"ಊರಲ್ಲಿ ಸೋರಲ್ಲ, ಇಲ್ಲಿ ಸೋರುತ್ತೆ! ಟ್ಯಾಂಕಿಗೂ ಮರಳುಗಾಡು ಇಷ್ಟ ಇಲ್ಲ ಅಂತ ಕಾಣುತ್ತೆ. ನನ್ನ ಹಾಗೇ!" ಎಂದಳು ವರ್ಲಾ.

"ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ಖಾಲಿ ಮಾಡಿ ನೋಡಿದ್ರೆ ಐದೇ ನಿಮಿಷದ ಕೆಲಸ."

ಹಾಗೆಂದು ಭಾನುವಾರ ಬೆಳಿಗ್ಗೆ ಟ್ರೇಲರಿನ ಕೆಳಗೆ ಅಂಗಾತ ಮಲಗಿ, ತಳದ ತಗಡು ಬಿಚ್ಚಿ, ಉಳಿದಿದ್ದ ಅರ್ಧ ಟ್ಯಾಂಕು ನೀರನ್ನೂ ಮರಳಿಗೆ ಕುಡಿಸಿದ. ಟ್ಯಾಂಕನ್ನು ಇಂಚಿಂಚಾಗಿ ಸವರಿದ. ಬಿರುಕಿರಲಿಲ್ಲ. ಇನ್ನು ನೀರೂ ಇರಲಿಲ್ಲ. ಭಾನುವಾರ ಊರಿನ ನೀರಿನ ಕೇಂದ್ರಕ್ಕೆ ಬೀಗ ಎಂಬುದು ಅವನಿಗೆ ಆಮೇಲೆ ನೆನಪಾಯಿತು.

"ಇವತ್ತಿನ ಸ್ನಾನ?" ಎಂದು ವರ್ಲಾಳ ಚಪ್ಪಲಿಗಳು ಕೇಳಿದವು. (ಅವನಿಗೆ ಕಾಣುತ್ತಿದ್ದುದು ಅಷ್ಟೇ.)

ಉತ್ತರ ಹುಡುಕುವಷ್ಟರಲ್ಲಿ ಚಪ್ಪಲಿಗಳ ಪಕ್ಕಕ್ಕೆ ಒಂದು ಜೊತೆ ಬೂಟು ಬಂತು. ಪಕ್ಕದ ಟ್ರೇಲರಿನ ರಾಯ್ಸ್, ಟೆಕ್ಸಸ್‌ನವನು.

"ಯಜಮಾನ್ರೇ, ನಮ್ಮಲ್ಲಿ ನೀರು ಬೇಕಾದಷ್ಟಿದೆ. ಇಪ್ಪತ್ತು ಗ್ಯಾಲನ್ ಹಾಕ್ಲಾ?"

ಎಲ್ಡನ್‌ಗೆ ಜೀವ ಬಂದಂತಾಯಿತು. "ಅಯ್ಯೋ ಬೇಡ ಬೇಡ, ನಮಗೆ ಧಾರಾಳವಾಗಿದೆ!" ಎಂದ.

ಮಿನೆಸೋಟದಲ್ಲಿ ಮರ್ಯಾದಸ್ಥರು ಹೀಗೇ ಹೇಳುವುದು. ಒಡಹುಟ್ಟಿದ ಅಕ್ಕನ ಮನೆಯ ಕಾಫಿಗೂ ಮೊದಲು 'ಬೇಡ', ಎರಡನೇ ಸಲ 'ನಿಮಗ್ಯಾಕೆ ತೊಂದರೆ', ಮೂರನೇ ಸಲ ಒತ್ತಾಯ ಮಾಡಿದ ಮೇಲೆ 'ಹಾಗಿದ್ರೆ ಅರ್ಧ ಲೋಟ'. ಎಲ್ಡನ್ ಕಿವಿ ನಿಮಿರಿಸಿಕೊಂಡು ಎರಡನೆಯ ಒತ್ತಾಯಕ್ಕೆ ಕಾದ. ಟೆಕ್ಸಸ್‌ನಲ್ಲಿ ಬೇಡ ಎಂದರೆ ಬೇಡವೇ. ಬೂಟುಗಳು "ಸರಿ ಹಾಗಿದ್ರೆ" ಎಂದು ಹೊರಟುಹೋದವು.

"ಎಂಥ ಜನ! ಇನ್ನೊಂದು ಸಲ ಕೇಳೋದು ಬೇಡ್ವಾ?" ಎಂದು ಎಲ್ಡನ್ ಕೆಳಗಿನಿಂದ ಗೊಣಗಿದ.

"ಧಾರಾಳವಾಗಿದೆ ಅಂದ್ಯಲ್ಲ, ಅದರಲ್ಲೇ ಮೀಯ್ತೀನಿ ಬಿಡು!" ಎಂದ ವರ್ಲಾ ಪೆಟ್ಟಿಗೆ ಕಟ್ಟಲು ಒಳಗೆ ಹೋದಳು. ಬೀರುವಿನ ಬಾಗಿಲು ಧಡಾರೆಂದ ಸದ್ದು ಕೇಳಿ ಎಲ್ಡನ್‌ಗೆ ನಿಜಕ್ಕೂ ಸಂಕಟವಾಯಿತು. ಅವನಿಗೆ ಮರಳುಗಾಡು ಬೇಕಿತ್ತು, ಅವಳ ಜೊತೆಗೇ ಬೇಕಿತ್ತು.

ಪುಣ್ಯಕ್ಕೆ ರಾಯ್ಸ್‌ನ ಹೆಂಡತಿ ಟ್ವಾಯ್ಲಾ ಆ ಧಡಾರ್ ಸದ್ದನ್ನು ಕೇಳಿದ್ದಳು. ಹೆಂಗಸರ ಕಿವಿಗೆ ಬೀರುವಿನ ಭಾಷೆ ಅರ್ಥವಾಗುತ್ತದೆ. ಹತ್ತು ನಿಮಿಷದಲ್ಲಿ ಗಂಡನಿಂದ ನಾಲ್ಕು ಕ್ಯಾನು ಹೊರಿಸಿಕೊಂಡು ಬಂದಳು. ಎಲ್ಡನ್‌ನ ಬಾಯಿ ಅಭ್ಯಾಸಬಲದಿಂದ "ಬೇ..." ಎಂದು ತೆರೆದುಕೊಳ್ಳುವಷ್ಟರಲ್ಲಿ ಬಾಗಿಲಿನಿಂದ ವರ್ಲಾ "ಬೇಕು!" ಎಂದು ಕೂಗಿದಳು. ಅವಳ ಅರವತ್ತೈದು ವರ್ಷದ ಬಾಳಿನಲ್ಲಿ ಮೊದಲನೇ ಸಲಕ್ಕೇ ಹೇಳಿದ ಮೊದಲ 'ಬೇಕು' ಅದು.

ಮೊದಲು ಕಾಫಿಯಾಯಿತು. ನಾಲ್ವರೂ ಟ್ರೇಲರಿನೊಳಗೆ ಕೂತರು. ರಾಯ್ಸ್ ಮೇಜಿನ ಮೇಲಿಟ್ಟ ಲೋಟ ಸದ್ದಿಲ್ಲದೆ ಜಾರಿ ಟ್ವಾಯ್ಲಾಳ ಮುಂದೆ ಹೋಗಿ ನಿಂತಿತು.

"ಯಜಮಾನ್ರೇ, ನಿಮ್ಮ ಮನೆ ಗುಡ್ಡ ಹತ್ತಾ ಇದ್ಯಲ್ಲ! ಮುಂದಗಡೆ ಯಾಕಿಷ್ಟು ಎತ್ತಿದ್ದೀರಿ? ನೀರೆಲ್ಲ ಹಿಂದಕ್ಕೆ ಬಂದು, ಹೆಚ್ಚಾದ ನೀರು ಹೋಗೋ ಕೊಳವೇಲಿ ಸುರಿದುಹೋಗುತ್ತೆ. ಟ್ಯಾಂಕು ಗಟ್ಟಿಯಾಗೇ ಇದೆ."

ಡೇರಿಯ ಮಹಾನುಭಾವನ ಕಿವಿ ಕೆಂಪಾಯಿತು. ಊರಿನ ಸಮತಟ್ಟು ನೆಲದಲ್ಲಿ ಸೋರದ ಗುಟ್ಟು ಇದೇ.

"ಹೌದು, ಯಾಕೆ ಎತ್ತಿದ್ದೀಯ?" ಎಂದಳು ವರ್ಲಾ.

ಎಲ್ಡನ್ ಲೋಟ ನೋಡಿಕೊಂಡು ಹೇಳಿದ: "ನಿನಗೆ ಎದೆಯುರಿ ಅಲ್ವಾ. ತಲೆ ಎತ್ತರದಲ್ಲಿದ್ರೆ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ರು. ಮಂಚ ಇರೋದು ಮುಂದಗಡೆ. ಅದಕ್ಕೇ ಜಾಕಿಯ ಕೆಳಗೆ ಎರಡು ಹಲಗೆ ಕೊಟ್ಟೆ."

"ನಾನು ಮರಳುಗಾಡಿನ ಗಾಳಿಗೆ ಗುಣವಾಯ್ತು ಅಂದ್ಕೊಂಡಿದ್ದೆ! ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಮೂರು ಸಲ."

ವರ್ಲಾಳ ಕಣ್ಣು ತುಂಬಿತು. ಪೆಟ್ಟಿಗೆಗೆ ತುಂಬಿದ ಬಟ್ಟೆ ಅರ್ಧ ಗಂಟೆಯಲ್ಲಿ ಬೀರುವಿಗೆ ಮರಳಿತು, ಎರಡು ಹಲಗೆಗಳು ಜಾಕಿಯಿಂದ ಬಂದು ಹಾಸಿಗೆಯ ತಲೆದೆಸೆಯ ಕೆಳಗೆ ಸೇರಿದವು. ನೆಟ್ಟಗೆ ನಿಂತ ಟ್ರೇಲರ್ ಒಂದು ಹನಿಯನ್ನೂ ಬಿಡಲಿಲ್ಲ. ವರ್ಲಾ ಮಿಂದು ಬಂದು, "ಏಪ್ರಿಲ್‌ವರೆಗೂ ಇರೋಣ" ಎಂದಳು. ಎಲ್ಡನ್‌ಗೆ ಆ ಟೆಕ್ಸಸ್ ದಂಪತಿಗಳ ಕಾಲಿಗೆ ಬೀಳುವಷ್ಟು ಕೃತಜ್ಞತೆ ಉಕ್ಕಿತು. ಇನ್ನು ಮೇಲೆ ಈ ಪುಣ್ಯಾತ್ಮರು ಏನು ಕೇಳಿದರೂ ಬೇಡ ಎನ್ನುವುದಿಲ್ಲ ಎಂದು ಅಲ್ಲೇ ಶಪಥ ಮಾಡಿಕೊಂಡ.

ಹೊರಡುತ್ತಾ ರಾಯ್ಸ್ ಟೋಪಿ ತೆಗೆದು ಸಂಕೋಚದಿಂದ, "ಯಜಮಾನ್ರೇ, ಒಂದು ಮಾತು..." ಎಂದ.

"ಆಗಲಿ! ಖಂಡಿತ! ಸಂತೋಷ!" ಎಂದ ಎಲ್ಡನ್, ಮೂರು ಸಲದ ಕೋಟಾವನ್ನು ಒಂದೇ ಉಸಿರಿಗೆ ಮುಗಿಸಿ.

"ಹೇಗೂ ನಿಮಗೆ ಟ್ರೇಲರಿನ ತಳವೆಲ್ಲ ಕರತಲಾಮಲಕ. ನಮ್ಮದೂ ಒಂದು ಟ್ಯಾಂಕು ಮೂರು ದಿನದಿಂದ ಸೋರ್ತಾ ಇದೆ. ನೀರಿನದ್ದಲ್ಲ. ಕಕ್ಕಸಿನದ್ದು."

ಎಲ್ಡನ್ ತನ್ನ ಹಳೆಯ ಮೊದಲ 'ಬೇಡ'ವನ್ನು ಬಾಯಿ ತುಂಬ ತಡಕಾಡಿದ. ಅಷ್ಟರಲ್ಲಿ ವರ್ಲಾ ಅವನ ಕೈಗೆ ಟಾರ್ಚ್ ಕೊಟ್ಟು, "ಧಾರಾಳವಾಗಿ ನೋಡ್ತಾನೆ" ಎಂದಳು.