ಬ್ಯಾಟರಿ ಬಲದ ಬ್ಯಾಕಪ್ಪು

ಸರ್ವೋತ್ತಮ ಎಂದು ಹೆಸರಿಟ್ಟುಕೊಂಡವನು ಒಮ್ಮೆ ಬ್ಯಾಕಪ್ ತೆಗೆಯುತ್ತೇನೆಂದು ಹೇಳಿದ ಮೇಲೆ ತೆಗೆದೇ ತೀರಬೇಕು, ಕರೆಂಟು ಇರಲಿ, ಇಲ್ಲದಿರಲಿ! ಇಂಥದ್ದೊಂದು ಘನಘೋರ ಪ್ರತಿಜ್ಞೆಯನ್ನು ನಾನು ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ನೀರುದೋಸೆ ತಿನ್ನುತ್ತಾ ಕೈಗೊಂಡೆ.

ಲ್ಯಾಪ್‌ಟಾಪ್ ನನ್ನದಲ್ಲ, ನನ್ನ ಹೆಂಡತಿ ಮನೋರಮಾಳದ್ದು. ಶಾಲೆಯಲ್ಲಿ ಗಣಿತ ಕಲಿಸುವ ಅವಳಿಗೆ ರಜೆ ಬಂದರೆ ಒಂದೇ ಹುಚ್ಚು. ಕಾರ್ಕಳದ ಸುತ್ತಿನ ಹಳ್ಳಿಗಳಲ್ಲಿ ಅಲೆದು, ಗದ್ದೆಯಲ್ಲಿ ನೇಜಿ ನೆಡುವಾಗ ಅಜ್ಜಿಯಂದಿರು ಹಾಡುವ ತುಳು ಪಾಡ್ದನಗಳನ್ನು ರೆಕಾರ್ಡ್ ಮಾಡುವುದು. ಆ ಅಜ್ಜಿಯಂದಿರಲ್ಲಿ ಅರ್ಧದಷ್ಟು ಮಂದಿ ಈಗಿಲ್ಲ. ಅವರ ದನಿಗಳನ್ನು ಹೊತ್ತ ಲ್ಯಾಪ್‌ಟಾಪ್ ಕೂಡ ಅವರ ದಾರಿಯನ್ನೇ ಹಿಡಿದಿತ್ತು. ರಿಪೇರಿಯವನು ಅದರ ನಾಡಿ ಹಿಡಿದು ನೋಡಿ, ಚಾರ್ಜರ್ ಹಾಕಿಟ್ಟು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ತುಂಬಿಸಿಕೊಳ್ಳಿ, ನಡುವೆ ಮಲಗಲು ಬಿಡಬೇಡಿ, ಮಲಗಿದರೆ ಮತ್ತೆ ಏಳುವ ಭರವಸೆಯಿಲ್ಲ ಎಂದಿದ್ದ.

ಆ ದಿನ ಲೈನ್ ದುರಸ್ತಿ. ನಮ್ಮ ಕಡೆ ಸಂಜೆಯವರೆಗೆ ಕರೆಂಟಿಲ್ಲ. ನಾಳೆ ಮಾಡಿದರಾಯಿತು, ಅದನ್ನು ಮುಟ್ಟಬೇಡಿ ಎಂದು ಹೇಳಿ ಮನೋರಮಾ ಬಟ್ಟೆ ಒಗೆಯಲು ಹೋದದ್ದೇ ತಡ, ನಾನು ಮುಟ್ಟಿದೆ. ಬ್ಯಾಟರಿ ಎಂಬುದನ್ನು ಮತ್ತೆ ಯಾತಕ್ಕೆ ಇಟ್ಟಿರುವುದು?

ಲ್ಯಾಪ್‌ಟಾಪ್ ಬಹಳ ವಿನಯದಿಂದ, ನಾನೀಗ ಬ್ಯಾಟರಿಯಲ್ಲಿದ್ದೇನೆ, ಈ ಸ್ಥಿತಿಯಲ್ಲಿ ಬ್ಯಾಕಪ್ ಮಾಡುವುದಿಲ್ಲ ಎಂದಿತು. ಮದುವೆಯಾದಂದಿನಿಂದ ಮನುಷ್ಯರಿಂದಲೇ ಸಾಕಷ್ಟು ಬುದ್ಧಿವಾದ ಕೇಳಿದ್ದೇನೆ, ಇನ್ನು ಯಂತ್ರದಿಂದಲೂ ಕೇಳಬೇಕೇ? ಸೆಟ್ಟಿಂಗಿನ ಹೊಟ್ಟೆಯೊಳಗೆ ಕೈಹಾಕಿ, ಆ ಎಚ್ಚರಿಕೆಯ ಮುಂದಿದ್ದ ಟಿಕ್ ಗುರುತನ್ನು ಕಿತ್ತು ಬಿಸಾಡಿದೆ. ಬ್ಯಾಕಪ್ ಶುರುವಾಯಿತು. ನಾನು ಮೀಸೆ ತಿರುವಿದೆ.

ಮನೋರಮಾ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು.

“ಚಾರ್ಜು ಎಷ್ಟುಂಟು?”

“ಬೇಕಾದಷ್ಟು ಉಂಟು.”

“ಬೇಕಾದಷ್ಟು ಅಂದರೆ?”

“ಅರ್ಧ.”

“ಬ್ಯಾಕಪ್ ಎಷ್ಟಾಯಿತು?”

“ಕಾಲು.”

ಅವಳು ಬೈಯಲಿಲ್ಲ. ಗಣಿತದ ಟೀಚರು ಬೈಯದೆ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರೆ ಗಂಡನಾದವನಿಗೆ ಬೆನ್ನಹುರಿಯಲ್ಲಿ ಚಳಿ ಹುಟ್ಟುತ್ತದೆ. ಲೆಕ್ಕ ಮುಗಿಸಿ, ಇದು ಅರ್ಧ ದಾರಿಯಲ್ಲೇ ಸಾಯುತ್ತದೆ ಎಂದು ಮೆಲ್ಲನೆ ಹೇಳಿದಳು. ಅವಳ ಕಣ್ಣು ನೋಡಿದ ಮೇಲೆ ನನ್ನ ಮೀಸೆ ತಾನಾಗಿಯೇ ಕೆಳಗಿಳಿಯಿತು.

ಪಕ್ಕದ ಮನೆಯ ವೆರೊನಿಕಾಬಾಯಿಯವರಲ್ಲಿ ಇನ್ವರ್ಟರ್ ಇದೆ ಎಂದು ಓಡಿದೆವು. ಇನ್ವರ್ಟರೇನೋ ಇತ್ತು. ಆದರೆ ಅದರ ಸಂಬಂಧ ಫ್ಯಾನು, ಲೈಟುಗಳೊಡನೆ ಮಾತ್ರ. ಒಂದು ಪ್ಲಗ್ಗಿಗೂ ಅದು ಕರೆಂಟು ಕೊಡುತ್ತಿರಲಿಲ್ಲ. ಅವರು ಪಾಪ, ಫ್ಯಾನಿನಡಿ ಕುಳಿತು ಕಾಫಿ ಕುಡಿದು ಹೋಗಿ ಎಂದರು.

ಇನ್ನು ಉಳಿದದ್ದು ಕರೆಂಟಿರುವ ಉಡುಪಿಯ ಕಡೆ ಓಡುವುದೊಂದೇ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ. ಹಾಗಾಗಿ ಮನೋರಮಾ ಅದನ್ನು ತೆರೆದೇ ತೊಡೆಯ ಮೇಲಿಟ್ಟುಕೊಂಡು, ಚಾರ್ಜರನ್ನು ಹೆಗಲಿಗೆ ಹಾಕಿ, ಡಿಸ್ಕನ್ನು ಮುಷ್ಟಿಯಲ್ಲಿ ಹಿಡಿದು, ಸ್ಕೂಟರಿನ ಹಿಂದೆ ಕುಳಿತಳು. ಹೆದ್ದಾರಿಯ ಬಿಸಿಲಿಗೆ ಪರದೆ ಕಾಣಲಿಲ್ಲ. ಸೆರಗನ್ನು ತಲೆಗೂ ಲ್ಯಾಪ್‌ಟಾಪಿಗೂ ಸೇರಿಸಿ ಮುಸುಕು ಹೊದ್ದು, ಒಳಗಿನಿಂದಲೇ ವೀಕ್ಷಕ ವಿವರಣೆ ಕೊಡತೊಡಗಿದಳು. ಅದು ಇಳಿಯುತ್ತಾ ಉಂಟು, ಇದು ಏರುತ್ತಾ ಇಲ್ಲ, ಹಂಪಿನಲ್ಲಿ ನಿಧಾನ, ವಯರು ಜಾರುತ್ತಾ ಉಂಟು.

ಕಟಪಾಡಿ ದಾಟುವಾಗ ಕಾರಿನಲ್ಲಿ ಪಕ್ಕಕ್ಕೆ ಬಂದ ಒಬ್ಬರು, ಹೊಟ್ಟೆ ಹಿಡಿದುಕೊಂಡು ಬಾಗಿ ಮುಸುಕಿನೊಳಗೆ ನರಳುತ್ತಿದ್ದ ಹೆಂಗಸನ್ನು ನೋಡಿದರು. “ಅಯ್ಯೋ ದೇವರೇ, ನನ್ನ ಹಿಂದೆಯೇ ಬನ್ನಿ” ಎಂದವರೇ ಲೈಟು ಹಾಕಿ, ಹಾರ್ನ್ ಬಾರಿಸುತ್ತಾ ಮುಂದೆ ನುಗ್ಗಿದರು. ಲಾರಿಗಳು ಸರಿದವು, ಬಸ್ಸುಗಳು ಬದಿಗೆ ನಿಂತವು. ರಾಜಮಾರ್ಗ! ನಿಂತು ವಿವರಿಸೋಣವೆಂದರೆ ಬ್ಯಾಟರಿಗೆ ಪುರುಸೊತ್ತಿಲ್ಲ. ಉದ್ಯಾವರ ಹೋಯಿತು, ಹಾರ್ನಿನ ಭರದಲ್ಲಿ ನಿಲ್ಲಬೇಕಿದ್ದ ಉಡುಪಿಯೂ ಹೋಯಿತು. ಘಟ್ಟ ಹತ್ತಿದ ಹಾಗೆ ಮಣಿಪಾಲ ಹತ್ತಿ, ಒಂದು ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿನಲ್ಲಿ ನಮ್ಮ ಮೆರವಣಿಗೆ ನಿಂತಿತು. ಅಷ್ಟರಲ್ಲಿ ಗಾಲಿಕುರ್ಚಿ ಬಂದೂ ಆಗಿತ್ತು.

ನರ್ಸ್ ಸೆಲೀನ್ ಓಡಿಬಂದು, ಪೇಷಂಟಿಗೆ ಏನಾಗಿದೆ ಎಂದು ಕೇಳಿದರು. ಮನೋರಮಾ ಸೆರಗು ಸರಿಸಿದಳು.

“ಪೇಷಂಟ್ ಇದು. ಜೀವ ಇನ್ನು ಮೂರು ಪರ್ಸೆಂಟ್ ಉಂಟು.”

ಸೆಲೀನ್ ಒಂದು ಕ್ಷಣ ಅವಳನ್ನು, ಮತ್ತೊಂದು ಕ್ಷಣ ನನ್ನನ್ನು ನೋಡಿದರು. ಯಾವ ವಾರ್ಡಿಗೆ ಯಾರನ್ನು ಕಳಿಸುವುದೆಂದು ಯೋಚಿಸಿರಬೇಕು. ಆದರೆ ಅಜ್ಜಿಯಂದಿರ ಹಾಡಿನ ವಿಷಯವನ್ನು ಮನೋರಮಾ ಎರಡೇ ಮಾತಿನಲ್ಲಿ ಹೇಳಿದಾಗ, ಅವರು ಹೊರಗಿನ ಬೆಂಚಿನ ಪಕ್ಕದ ಪ್ಲಗ್ ತೋರಿಸಿದರು. ಚಾರ್ಜರ್ ಹೊಕ್ಕಿತು. ದೀಪ ಹೊತ್ತಿತು.

ಬ್ಯಾಕಪ್ ಮುಗಿಯುವವರೆಗೆ ನಾವು ಆ ಬೆಂಚಿನಲ್ಲೇ ಕುಳಿತೆವು. ಕೊನೆಗೆ ಮನೋರಮಾ ಡಿಸ್ಕಿನೊಳಗಿನ ಒಂದು ಹಾಡನ್ನು ಮೆಲ್ಲಗೆ ತೆರೆದಳು. ಈಗಿಲ್ಲದ ಅಜ್ಜಿಯೊಬ್ಬಳು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಓ ಬೇಲೆ ಎಂದು ರಾಗ ಎಳೆದಳು. ಬೆಂಚಿನಲ್ಲಿದ್ದ ನಾಲ್ಕಾರು ಮಂದಿ ಇತ್ತ ತಿರುಗಿದರು. ಮನೋರಮಾ ಕಣ್ಣೊರೆಸಿಕೊಂಡಳು. ನಾನೂ ಅತ್ತಿತ್ತ ನೋಡುವವನಂತೆ ಒರೆಸಿಕೊಂಡೆ.

ನಮ್ಮನ್ನು ಕರೆತಂದ ಮಹಾನುಭಾವರ ಹೆಸರು ಜೆಫ್ರಿ. ಮೋಸ ಹೋದೆನೆಂದು ಸಿಟ್ಟಾಗದೆ ಅವರೂ ಹಾಡು ಕೇಳಿದರು. ಆಮೇಲೆ, ಇದನ್ನು ಮುಚ್ಚಿ ಚೀಲದಲ್ಲಿ ಹಾಕಿಕೊಂಡು ಬರಬಹುದಿತ್ತಲ್ಲ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಮುಚ್ಚಳ, ನಿದ್ರೆ, ವಿದ್ಯುತ್ ಉಳಿತಾಯ ಇವುಗಳ ಸಂಬಂಧದ ಬಗ್ಗೆ ದೀರ್ಘ ಉಪನ್ಯಾಸ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿ ಸೆಟ್ಟಿಂಗಿನೊಳಗೆ ಏನೋ ಒತ್ತಿದರು.

“ಇಲ್ಲಿ ಉಂಟಲ್ಲ ಮಾರಾಯ್ರೆ. ಇದನ್ನು ಒತ್ತಿದರೆ ಮುಚ್ಚಿದರೂ ಕೆಲಸ ನಡೆಯುತ್ತದೆ.”

ಮನೋರಮಾ ಬಗ್ಗಿ ನೋಡಿದಳು. ಗಾಳಿಗೆ ಹಕ್ಕಿಗೂಡಾಗಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ನನ್ನ ಬಾಯಿಯತ್ತ ನೋಡುತ್ತಾ ಶಾಂತವಾಗಿ ಹೇಳಿದಳು:

“ನಮ್ಮವರದ್ದು ಬೇರೆ ಮಾಡೆಲ್. ಮುಚ್ಚಿದರೆ ಮಾತ್ರ ಕೆಲಸ ನಡೆಯುವುದು.”