ಪಟ್ಟಲಮ್ಮನ ಹಾಲಿಗೆ ಬಂದ ಪರೀಕ್ಷೆ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಪಟ್ಟಲಮ್ಮನ ಹಾಲಿನಲ್ಲಿ ನೀರಿದೆ ಎಂದು ನಜೀರ್ ಅಹ್ಮದ್ ಮೇಷ್ಟ್ರು ಮಂಡ್ಯದ ಮಗ್ಗುಲಿನ ಗುತ್ತಲಿನಲ್ಲಿ ತಮ್ಮ ಮನೆಯ ಜಗಲಿಯ ಮೇಲೆ ನಿಂತು ಸಾರಿದರು. ಎಮ್ಮೆ ಇನ್ನೂ ಅಂಗಳದಲ್ಲೇ ಇತ್ತು. ಹಾಲು ಕರೆದು ಎರಡು ನಿಮಿಷ ಆಗಿರಲಿಲ್ಲ. ಕರೆಯುವಾಗ ಮೇಷ್ಟ್ರು ಎದುರಿಗೇ ನಿಂತಿದ್ದರು.

ಅದು ೧೯೪೧ರ ಜನವರಿ. ಮಂಡ್ಯದ ಹೈಸ್ಕೂಲಿಗೆ ಹಿಂದಿನ ದಿನದ ರೈಲಿನಲ್ಲಿ ಒಂದು ಲ್ಯಾಕ್ಟೋಮೀಟರ್ ಬಂದಿತ್ತು. ಬುಡದಲ್ಲಿ ಸೀಸದ ಗುಂಡು, ಮೇಲೆ ಉದ್ದ ಕತ್ತು, ಕತ್ತಿಗೊಂದು ಕೆಂಪು ಗೆರೆ. ಒಳ್ಳೆಯ ಹಾಲಿನಲ್ಲಿ ಅದು ಗೆರೆಯವರೆಗೆ ಮುಳುಗಿ ತೇಲುತ್ತದೆ. ನೀರು ಬೆರೆತ ಹಾಲು ಹಗುರ. ಅದರಲ್ಲಿ ಗೆರೆ ದಾಟಿ ಮುಳುಗುತ್ತದೆ. ಶಾಲೆಯ ಬೀರು ಸೇರುವ ಮೊದಲು ಮೇಷ್ಟ್ರು ಅದನ್ನು ಒಂದು ರಾತ್ರಿಗೆಂದು ಮನೆಗೆ ತಂದಿದ್ದರು. ಹೆಂಡತಿ ರಹೀಮುನ್ನೀಸಾಗೆ ಏಳು ತಿಂಗಳು. ಮೊದಲ ಬಸಿರು. ದಿನಕ್ಕೊಂದು ಸೇರು ಗಟ್ಟಿ ಹಾಲು ಹೊಟ್ಟೆಗೆ ಬೀಳಲೇಬೇಕೆಂದು ಡಾಕ್ಟರು ಹೇಳಿದ್ದರು. ಆ ಹಾಲು ಗಟ್ಟಿಯೋ ಅಲ್ಲವೋ ಎಂಬ ಚಿಂತೆಯಲ್ಲಿ ಮೇಷ್ಟ್ರು ಅರ್ಧ ತೆಳ್ಳಗಾಗಿದ್ದರು.

ಈಗ ಗಾಜಿನ ಜಾಡಿಯಲ್ಲಿ ಕೆಂಪು ಗೆರೆ ನೊರೆಯ ಕೆಳಗೆ ಮುಳುಗಿಹೋಗಿತ್ತು.

"ನಿಮ್ ಕಣ್ಮುಂದೇಲೆ ಕರ್ದಿವ್ನಿ ಮೇಷ್ಟ್ರೆ," ಎಂದಳು ಪಟ್ಟಲಮ್ಮ. "ನೀರ ಎಲ್ಲಿಂದ ಬೆರ್ಸಾನ? ಕೆಚ್ಚಲಿಗೆ ಕೊಳಾಯಿ ಆಕಿಸಿವ್ನಾ?"

"ನಾನು ಹೇಳ್ತಿಲ್ಲಮ್ಮ. ಅಳತೆ ಹೇಳ್ತಿದೆ."

ಎದುರು ಮನೆಯ ಕೆಂಪಸಿದ್ದಯ್ಯ ಹಲ್ಲುಜ್ಜುವ ಬೇವಿನ ಕಡ್ಡಿಯೊಂದಿಗೇ ಬಂದ. ಪೊಲೀಸ್ ದಫೇದಾರನಾಗಿ ನಿವೃತ್ತನಾದವನು. ಕೈಗೆ ಕೇಸು ಸಿಕ್ಕಿ ನಾಲ್ಕು ವರ್ಷವಾಗಿತ್ತು. ಪಕ್ಕದ ಮನೆಯ ಚಲುವಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಎಮ್ಮೇನೇ ಒಳ್ಗೊಳ್ಗೆ ಬೆರ್ಸ್‌ತದೇನೋ ಕಣಮ್ಮ," ಎಂದಳು ಚಲುವಮ್ಮ. "ಮೊಕ ನೋಡು, ಕಳ್ಳಿ ತರ ಅದೆ."

"ಯಾರೂ ಜಾಡಿ ಮುಟ್ಬೇಡಿ!" ಎಂದು ಕೆಂಪಸಿದ್ದಯ್ಯ ಕೈ ಅಡ್ಡ ಹಿಡಿದ. "ಪಂಚನಾಮೆ ಆಗ್ಬೇಕು."

ಒಳಗೆ ಪರದೆಯ ಹಿಂದೆ ಬಳೆಗಳು ಸದ್ದು ಮಾಡಿದವು. ಪರಗಂಡಸರಿದ್ದರೆ ರಹೀಮುನ್ನೀಸಾ ಬಾಯಿ ಬಿಡುತ್ತಿರಲಿಲ್ಲ. ಹೇಳುವುದನ್ನೆಲ್ಲ ಬಾಗಿಲಿಗೆ ಬಳೆ ತಟ್ಟಿಯೇ ಹೇಳುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಮೇಷ್ಟ್ರಿಗೆ ಆ ಭಾಷೆ ಬಂದಿರಲಿಲ್ಲ. 'ಬೇಗ ಮುಗಿಸಿ' ಎನ್ನುತ್ತಿದ್ದಾಳೆಂದುಕೊಂಡರು.

ಪಟ್ಟಲಮ್ಮ ಜಾಡಿಯ ಹಾಲನ್ನು ತನ್ನ ಕುಡಿಕೆಗೆ ಸುರಿದುಕೊಂಡಳು. "ಇಪ್ಪತ್ತು ವರ್ಸದಿಂದ ಹಾಲಾಕ್ತಿವ್ನಿ. ಒಬ್ರೂ ಈ ಮಾತಂದಿರ್ಲಿಲ್ಲ," ಎಂದು ಹೇಳಿ, ಎಮ್ಮೆಯ ಹಗ್ಗ ಹಿಡಿದು ನಡೆದಳು. ತಿರುಗಿ ನೋಡಲಿಲ್ಲ. ಎಮ್ಮೆ ಮಾತ್ರ ಒಮ್ಮೆ ನೋಡಿತು.

ಕೆಂಪಸಿದ್ದಯ್ಯ ಅರ್ಧ ಗಂಟೆಯಲ್ಲಿ ಸೈಕಲ್ಲಿನಲ್ಲಿ ಹಾಲು ಮಾರುವ ಮರಿಯಯ್ಯನನ್ನು ಹಿಡಿದು ತಂದ. ಮರಿಯಯ್ಯ ತಗಡಿನ ಕ್ಯಾನಿನಿಂದ ಒಂದು ಸೇರು ಅಳೆದು ಹಿತ್ತಾಳೆ ಚೊಂಬಿಗೆ ಹಾಕಿದ. ಮೇಷ್ಟ್ರಿಗೆ ಸ್ಕೂಲಿಗೆ ಹೊತ್ತಾಗಿತ್ತು. ಆ ಹಾಲನ್ನು ಅಳೆಯಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ನಾಲ್ಕನೇ ಫಾರಮ್ಮಿನಲ್ಲಿ ಪಾಠ ನಡೆದಿತ್ತು. "ವಸ್ತು ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದ ಮೇಲೆ ಅದೇ ಸೇರಿಗೆ ತೂಕ ಕಡಿಮೆ. ಆದ್ದರಿಂದ ಬಿಸಿ ದ್ರವ ಹಗುರ..." ಎನ್ನುತ್ತ ಬರೆಯುತ್ತಿದ್ದ ಮೇಷ್ಟ್ರ ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಟ್ಟಿತು. ಮೇಜಿನ ಮೇಲಿದ್ದ ಲ್ಯಾಕ್ಟೋಮೀಟರಿನ ಪೆಟ್ಟಿಗೆ ತೆಗೆದು ಒಳಗಿನ ಚೀಟಿ ಓದಿದರು. ಕೊನೆಯ ಸಾಲಿನಲ್ಲಿ ಹೀಗಿತ್ತು: ಹಾಲು ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಆರಿರಬೇಕು, ನೊರೆ ಇಳಿದಿರಬೇಕು.

ಕೆಚ್ಚಲಿನಿಂದ ಬಂದ ಹಾಲಿಗೆ ಸುಮಾರು ನೂರು ಡಿಗ್ರಿ.

ನಾಲ್ಕೂವರೆಗೆ ಲ್ಯಾಕ್ಟೋಮೀಟರ್ ಹಿಡಿದು ಓಡೋಡಿ ಬಂದರೆ ಬೀದಿಯೆಲ್ಲ ಅವರ ಬಾಗಿಲಲ್ಲೇ ಸೇರಿತ್ತು. ಕೆಂಪಸಿದ್ದಯ್ಯ ಹತ್ತು ಮನೆಯವರನ್ನು ಕರೆಸಿದ್ದ. ಮರಿಯಯ್ಯ ಸೈಕಲ್ಲಿಗೆ ಒರಗಿ ನಿಂತಿದ್ದ.

"ತಪ್ಪು ನನ್ನದು," ಎಂದರು ಮೇಷ್ಟ್ರು ಏದುಸಿರಿನಲ್ಲಿ. "ಹಾಲು ಬಿಸಿ ಇತ್ತು. ಅದಕ್ಕೇ ಮುಳುಗಿತು."

"ಹಾಲ್ಗೆ ಜ್ವರ ಬಂದಿತ್ತಾ ಮೇಷ್ಟ್ರೆ?" ಎಂದಳು ಚಲುವಮ್ಮ. ಎಲ್ಲರೂ ನಕ್ಕರು.

"ಅದೆಲ್ಲ ಬುಡಿ," ಎಂದ ಕೆಂಪಸಿದ್ದಯ್ಯ. "ಮರಿಯಯ್ಯನ ಹಾಲು ಅಳೀರಿ. ಬೀದಿಗೆಲ್ಲ ದಿನಾ ಯಾರ ವರ್ತನೆ ಹಾಲು ಅಂತ ಈಗ್ಲೇ ತೀರ್ಮಾನ ಆಗ್ಲಿ."

ಮರಿಯಯ್ಯನ ಹಾಲು ಕೆಂಪು ಗೆರೆ ಮುಳುಗಿಸಿಬಿಟ್ಟರೆ ಪಟ್ಟಲಮ್ಮನ ಮಾನ ಉಳಿಯುತ್ತದೆಂದು ಮೇಷ್ಟ್ರು ಒಳಗೋಡಿದರು. ಒಲೆಯ ಪಕ್ಕ ಕಾಯಿಸಿ ಆರಿಸಿಟ್ಟ ಹಾಲಿನ ಪಾತ್ರೆ ಕಂಡಿತು. ಎತ್ತಿಕೊಂಡರು. ರಹೀಮುನ್ನೀಸಾ ಸೆರಗು ಸರಿಮಾಡಿಕೊಂಡು ಏನೋ ಹೇಳುವಷ್ಟರಲ್ಲಿ ಅವರು ಜಗಲಿಯಲ್ಲಿದ್ದರು. ಪರದೆಯ ಹಿಂದೆ ಬಳೆಗಳು ಜಟಕಾ ಕುದುರೆಯ ಗೆಜ್ಜೆಯಂತೆ ಬಡಿದುಕೊಂಡವು.

"ಬಂದೆ, ಬಂದೆ," ಎಂದು ಮೇಷ್ಟ್ರು ಕೆನೆ ಸರಿಸಿದರು.

"ಕೆನೆ ನೋಡ್ರಪ್ಪ! ರೊಟ್ಟಿ ದಪ್ಪ ಅದೆ!" ಎಂದಳು ಚಲುವಮ್ಮ.

ಲ್ಯಾಕ್ಟೋಮೀಟರ್ ಜಾಡಿಗೆ ಇಳಿಯಿತು, ಒಮ್ಮೆ ತಲೆಯಾಡಿಸಿತು, ಸರಿಯಾಗಿ ಕೆಂಪು ಗೆರೆಗೆ ನಿಂತಿತು.

ಎಲ್ಲರಿಗಿಂತ ಬೆರಗಾದವನು ಮರಿಯಯ್ಯ. ಸಂತೆಯಲ್ಲಿ ಕಳೆದುಹೋದ ಮಗ ಅಮಲ್ದಾರನಾಗಿ ಎದುರಿಗೆ ಬಂದಂತೆ ಆ ಹಾಲನ್ನೇ ನೋಡಿದ. "ಇದು ನಂದಾ?" ಎಂದವನು, ತಕ್ಷಣ ಸಾವರಿಸಿಕೊಂಡು, "ನಂದೇ!" ಎಂದ. ಹತ್ತು ಮನೆಗೆ ಹಾಲು ಹಾಕುವ ವರ್ತನೆಯೂ ಅಲ್ಲೇ ಅವನದಾಯಿತು.

ಮೇಷ್ಟ್ರು ಒಳಗೆ ಹೋಗಿ ಗೋಡೆಗೊರಗಿ ಕುಳಿತರು. "ಮುದುಕಿಯನ್ನ ಸುಮ್ನೆ ನೋಯಿಸಿಬಿಟ್ಟೆ. ಈಗ ಮರಿಯಯ್ಯನ ಹಾಲೂ ಒಳ್ಳೇದೇ ಆಯ್ತು."

"ಕೈಮೂಳೆ ಮುರಿಯೋ ಹಾಗೆ ಬಳೆ ತಟ್ಟಿದೆನಲ್ರೀ!" ಎಂದಳು ರಹೀಮುನ್ನೀಸಾ. ನಗಬೇಕೋ ಅಳಬೇಕೋ ಅವಳಿಗೂ ತಿಳಿಯಲಿಲ್ಲ. "ಅದು ಪಟ್ಟಲಮ್ಮನ ಹಾಲು. ನೀವು ಸ್ಕೂಲಿಗೆ ಹೋದ ಮೇಲೆ ಹಿತ್ತಲ ಬಾಗಿಲಿಂದ ತಂದುಕೊಟ್ಟರು. ಎದುರಿಗೆ ಕೂತು ಒಂದು ಲೋಟ ಕುಡಿಸಿಯೇ ಹೋದರು. ಮರಿಯಯ್ಯನದು ಅಗೋ, ಚೊಂಬಿನಲ್ಲಿದೆ. ನಿಮ್ಮ ಕಾಫಿಗಿಟ್ಟಿದ್ದೆ."

ಚೊಂಬಿನ ಹಾಲಿನಲ್ಲಿ ಕೆಂಪು ಗೆರೆ ಕಲ್ಲು ಕಟ್ಟಿದಂತೆ ಮುಳುಗಿತು.

ಮೇಷ್ಟ್ರು ಎದುರು ಮನೆಗೆ ಓಡಿದರು. ಕೆಂಪಸಿದ್ದಯ್ಯ ಪೂರ್ತಿ ಕೇಳಲೇ ಇಲ್ಲ. "ಬೆಳಗ್ಗೆ ಒಂದು, ಬೈಗಿಗೆ ಒಂದು, ಈಗೊಂದು! ನಿಮ್ಮಂಥ ಸಾಕ್ಷಿನ ಕೋರ್ಟಿಗೆ ಅತ್ತುಸ್ತಾರಾ ಸ್ವಾಮಿ?"

ಪಟ್ಟಲಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು.

"ತಪ್ಪಾಯ್ತಮ್ಮ. ಹಾಲು ಬಿಸಿ ಇತ್ತು."

"ಬದ್ಕಿರೋ ಎಮ್ಮೆ ಬಿಸಿ ಹಾಲೇ ಕೊಡೋದು ಮೇಷ್ಟ್ರೆ. ತಣ್ಗಿರೋದು ಬೇಕಂದ್ರೆ ಸತ್ತಿರೋ ಎಮ್ಮೇನ ಕೇಳಿ."

ಮೇಷ್ಟ್ರು ತಲೆ ತಗ್ಗಿಸಿದರು. "ನಾಳೆಯಿಂದ ಮೊದಲಿನ ಹಾಗೇ..."

"ಕೂಸ್ಗೆ ತಪ್ಸಕಿಲ್ಲ. ನಿಮ್ಮೆಂಡ್ರು ತಾಯಿಲ್ದ ಮಗ, ಮಳವಳ್ಳಿಯಿಂದ ಬಂದು ನನ್ನೇ ಅವ್ವ ಅಂತದೆ. ಅವ್ಳ ಸೇರು ಅವ್ಳಿಗೆ. ನಿಮ್ ಕಾಪಿಗೆ ಒಂದ್ ತೊಟ್ಟೂ ಇಲ್ಲ."

"ಹೆರಿಗೆ ಆಗೋವರೆಗಾ?"

"ಆಮ್ಯಾಕೆ ಬಾಣಂತಿ ಅಲ್ವಾ? ಎಲ್ಡ್ ಸೇರು ಬೇಕು. ನಿಮ್ಗೆಲ್ಲಿ ಉಳೀತದೆ?"

ಮರಿಯಯ್ಯನ ಹಾಲಿನ ಮೊಸರು ನಾಲ್ಕನೇ ದಿನವೂ ಹೆಪ್ಪುಗಟ್ಟದೆ, ಹತ್ತು ಮನೆಯವರೂ ಪಟ್ಟಲಮ್ಮನಲ್ಲಿಗೆ ಮರಳಿದರು. ಮರಿಯಯ್ಯನಿಗೆ ಗುತ್ತಲಿನಲ್ಲಿ ಉಳಿದದ್ದು ಒಂದೇ ಮನೆ. "ನಿಮ್ ಕಡ್ಡಿ ಒಪ್ಪಿದ ಹಾಲು ಸಾ," ಎಂದು ದಿನವೂ ಹೇಳಿ ಒಂದು ಪಾವು ಅಳೆದು ಹೋಗುತ್ತಿದ್ದ.

ಮಾರ್ಚ್ ಹದಿನಾಲ್ಕರಂದು ರಹೀಮುನ್ನೀಸಾಗೆ ಹೆಣ್ಣು ಮಗುವಾಯಿತು. ಮೇಷ್ಟ್ರು ಮಗುವಿನ ತೂಕವನ್ನು ಎರಡು ಸಲ ನೋಡಿ ಬರೆದುಕೊಂಡರು: ಆರು ಪೌಂಡು ಹತ್ತು ಔನ್ಸು. ಮರುದಿನದಿಂದ ಪಟ್ಟಲಮ್ಮ ಎರಡು ಸೇರು ತಂದಳು.