ಟಾನ್ಸಿಲ್ ಸ್ವಾಮಿಗಳ ಮೌನಾನುಷ್ಠಾನ

ಟಾನ್ಸಿಲ್ ಕತ್ತರಿಸಲಿ, ಬೇಕಾದರೆ ಅರ್ಧ ಕತ್ತನ್ನೇ ಕತ್ತರಿಸಲಿ, ಮೂರನೆಯ ದಿನ ಈ ಈರೇಶ ತನ್ನ ಅಂಗಡಿಯ ಬಾಗಿಲು ತೆರೆದೇ ತೆರೆಯುತ್ತಾನೆ! ಹೀಗೆಂದು ನಾನು 2006ರ ಶ್ರಾವಣದಲ್ಲಿ ಭೀಷ್ಮಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಗೆ ಎರಡನೆಯ ಭಾಗವೂ ಇತ್ತು: ಆಪರೇಷನ್ನಿನ ಸುದ್ದಿ ಗೋವಾದ ಈ ವಾಸ್ಕೋದಲ್ಲಿ ಒಂದು ನೊಣಕ್ಕೂ ತಿಳಿಯಕೂಡದು!

ಕಾರಣ ಹೇಳಿಬಿಡುತ್ತೇನೆ. ಬೆಳಗಾವಿಯಿಂದ ಬಂದು ಇಲ್ಲಿ ಇಳಕಲ್ ಸೀರೆ, ಖಣ ಮಾರುವ ನನಗೆ ಬಾಯಿಯೇ ಬಂಡವಾಳ. ಬಂದರಿನಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯ ಜನ ನನ್ನ ಗಿರಾಕಿಗಳು. ಅವರೆದುರು "ನಲವತ್ತೊಂದು ವರ್ಷ ಆತು, ಈ ಮೈಯಾಗ ಒಂದ ಸೂಜಿ ಹೊಕ್ಕಿಲ್ಲ!" ಎಂದು ಎದೆ ತಟ್ಟಿಕೊಂಡವನು ನಾನು. ಆದದ್ದಾದರೂ ಹೃದಯದ ಆಪರೇಷನ್ ಆಗಬಾರದಿತ್ತೆ? ಕಿಡ್ನಿಯಲ್ಲಿ ಕಲ್ಲು ಅಂದರೂ ಒಂದು ತೂಕವಿರುತ್ತದೆ. ಟಾನ್ಸಿಲ್! ಚಡ್ಡಿ ಹಾಕುವ ಮಕ್ಕಳ ಕಾಯಿಲೆ!

ಮಡಗಾಂವದ ಆಸ್ಪತ್ರೆಯವರಿಗೂ ಹಾಗೇ ಅನ್ನಿಸಿರಬೇಕು. ಬೇರೆ ಜಾಗವಿಲ್ಲವೆಂದು ನನ್ನನ್ನು ಮಕ್ಕಳ ವಾರ್ಡಿನಲ್ಲಿ ಮಲಗಿಸಿದರು. ಗೋಡೆಯ ತುಂಬ ಮೊಲಗಳ ಚಿತ್ರ. ನನ್ನ ಜೊತೆಗೇ ಆಪರೇಷನ್ ಆದ ಪಕ್ಕದ ಮಂಚದ ಆರು ವರ್ಷದ ಹುಡುಗಿ ಸಂಜೆಗೆಲ್ಲ ಐಸ್‌ಕ್ರೀಮ್ ನೆಕ್ಕುತ್ತ ಓಡಾಡಿದಳು. ನಾನು ಎಂಜಲು ನುಂಗಲಾರದೆ ಗೋಳಾಡುತ್ತಿದ್ದೆ. ಆಕೆಗೆ ನನ್ನ ಮೇಲೆ ಎಂಥ ಕನಿಕರ ಹುಟ್ಟಿತೆಂದರೆ, ಮನೆಗೆ ಹೋಗುವಾಗ ತನ್ನ ಬಲೂನನ್ನು ನನ್ನ ಮಂಚಕ್ಕೆ ಕಟ್ಟಿ ಹೋದಳು!

"ಉಲೊವ್ ನಾಕಾ!" ಎಂದರು ಡಾಕ್ಟರಮ್ಮ, ಕೊಂಕಣಿಯಲ್ಲಿ. ಮಾತು ಬೇಡ! ಹತ್ತು ದಿನ ಮಾತಿಲ್ಲ, ಖಾರವಿಲ್ಲ, ಗಟ್ಟಿ ಪದಾರ್ಥವಿಲ್ಲ. ಐಸ್‌ಕ್ರೀಮ್ ಮತ್ತು ತಣ್ಣಗಿನ ಗಂಜಿ ಮಾತ್ರ.

ಮನೆಗೆ ಬಂದ ಮೇಲೆ ಹೆಂಡತಿ ಪ್ರತಿಮಾ ನನ್ನ ಕೈಗೆ ಒಂದು ಸ್ಲೇಟು ಕೊಟ್ಟಳು. "ಹತ್ತು ದಿನಾ ಮನ್ಯಾಗ ಬಿದ್ಕೊಳ್ರಿ. ಅಂಗಡ್ಯಾಗ ನಾ ಕೂಡ್ತೇನಿ."

ನಾನು ಬರೆದೆ: "ಶ್ರಾವಣದ ಸಪ್ತಾಹ, ಜಾತ್ರಿ ಗದ್ದಲ, ವ್ಯಾಪಾರದ ದಿನಾ ಇವು. ಸಾಧ್ಯ ಇಲ್ಲ!"

"ಹಂಗಾರ ಮಂದಿಗೆ ಖರೇ ಹೇಳ್ರಿ, ಟಾನ್ಸಿಲ್ ತಗಿಸೀನಿ ಅಂತ."

"ಸತ್ತರೂ ಇಲ್ಲ!!" ಬಳಪ ಮುರಿಯಿತು.

"ಗಂಟಲಾ ಕೊಯ್ದ್ರು ಖರೇ, ನಿಮ್ಮ ಸೊಕ್ಕು ಹಂಗ ಬಿಟ್ಟಾರ ನೋಡ್ರಿ ಆ ಡಾಕ್ಟರು!"

ಮೂರನೆಯ ದಿನ ಬಾಗಿಲು ತೆರೆದೆ. ಮೊದಲ ಗಿರಾಕಿ ಸಾವಂತ್ರೆವ್ವ. ಕಟ್ಟಡದ ಕೆಲಸದವಳು, ನಮ್ಮ ಅಂಗಡಿಗೆ ಹಳಬಳು. ಒಂದು ಸೀರೆ ತೋರಿಸಿ ಬೇರೆ ಬಣ್ಣ ಇದೆಯೇ ಎಂದು ಕೇಳಿದಳು. ನಾನು ಕೈಸನ್ನೆ ಮಾಡಿದೆ. ಇನ್ನೇನೋ ಕೇಳಿದಳು. ಸ್ಲೇಟು ಎತ್ತಿದೆ.

"ನಂಗ ಓದಾಕ ಬರೂದಿಲ್ರಿ ಸಾವ್ಕಾರ್ರ. ಯಾಕ ಮಾತಾಡವಲ್ರಿ?" ಎಂದು ಮುಖ ದಿಟ್ಟಿಸಿದವಳು, ಥಟ್ಟನೆ ಕೈ ಮುಗಿದಳು. "ಶ್ರಾವಣ ಅಲ್ರೀ! ಮೌನ ಹಿಡಿದೀರೇನ್ರಿ?"

ಆಹಾ! ಇಂಥ ಘನವಾದ ಕಾರಣ ನನಗೇ ಹೊಳೆದಿರಲಿಲ್ಲ! ನಮ್ಮ ಸ್ವಾಮಿಗಳು ಶ್ರಾವಣದಲ್ಲಿ ಮೌನಾನುಷ್ಠಾನ ಮಾಡುವುದುಂಟು. ಒಬ್ಬ ಸೀರೆ ವ್ಯಾಪಾರಿ ಮಾಡಿದರೆ ತಪ್ಪೇನು? ನಾನು ಕಣ್ಣು ಅರೆ ಮುಚ್ಚಿ ಗಂಭೀರವಾಗಿ ತಲೆಯಾಡಿಸಿದೆ.

ಆ ಒಂದು ತಲೆಯಾಡಿಕೆ ನನ್ನನ್ನು ಎಲ್ಲಿಗೆ ಒಯ್ದಿತು ನೋಡಿ! ಮರುದಿನ ಗಾದಿಯ ಮುಂದೆ ಬಾಳೆಹಣ್ಣು ಬಂದವು. ಅದರ ಮರುದಿನ ಹಾಲು, ಊದಿನಕಡ್ಡಿ. ಹೆಣ್ಣುಮಕ್ಕಳು ಸೀರೆಗೆ ಕೈಹಾಕುವ ಮೊದಲು ನನ್ನ ಕಾಲಿಗೆ ಕೈಹಾಕತೊಡಗಿದರು. ಸಾವಂತ್ರೆವ್ವನ ಗಂಡ, ಬಂದರಿನಲ್ಲಿ ಹಮಾಲಿ ಮಾಡುವ ಹುಲಿಗೆಪ್ಪ, ದಿನವೂ ಕೆಲಸ ಮುಗಿಸಿ ಬಂದು ಅಡ್ಡಬೀಳುತ್ತಿದ್ದ. ಅವನ ಪಾಲಿಗೆ ನಾನು ಸಾವ್ಕಾರ ಹೋಗಿ ಮಠದ ಸ್ವಾಮಿಗಳ ಹಾಗೆ 'ಅಪ್ಪಾರು' ಆಗಿದ್ದೆ.

ಒಂದೇ ಕಷ್ಟ. ಮೌನದ ಅಪ್ಪಾರು ಜನರೆದುರು ಐಸ್‌ಕ್ರೀಮ್ ನೆಕ್ಕುವುದು ಹೇಗೆ? ಸೀರೆಗಳ ರಾಶಿಯ ಹಿಂದೆ ಅಡಗಿ ಕುಳಿತು ತಿನ್ನಬೇಕಾಯಿತು. ಆರನೆಯ ದಿನ ನನ್ನ ಸಹನೆ ಸತ್ತಿತು. ಜೋಳದ ರೊಟ್ಟಿ ತಿಂದು ಬೆಳೆದ ದೇಹವಿದು, ಬಿಳಿ ಬಿಳಿ ಐಸ್‌ಕ್ರೀಮಿಗೆ ಶರಣಾಗುವುದೆ? ಡಾಕ್ಟರಿಗೆ ಸವಾಲು! ಖಡಕ್ ರೊಟ್ಟಿಯ ಒಂದು ಚೂರಿಗೆ ಕೆಂಪು ಮೆಣಸಿನಕಾಯಿಯ ಚಟ್ನಿ ಬಳಿದು ಬಾಯಿಗೆ ಎಸೆದು ನುಂಗಿದೆ.

ಅಯ್ಯೋ ಶಿವನೇ! ಗಂಟಲಲ್ಲಿ ಗರಗಸ ಆಡಿಸಿದ ಹಾಗಾಯಿತು. ಕೂಗುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಎರಡೂ ಕೈ ಮೇಲೆತ್ತಿ, ಕಣ್ಣಿಂದ ಧಾರಾಕಾರ ನೀರು ಸುರಿಸುತ್ತ ರಾಶಿಯ ಹಿಂದಿನಿಂದ ಎದ್ದು ನಿಂತೆ. ಎದುರಿಗೆ ಹುಲಿಗೆಪ್ಪ!

"ಅಪ್ಪಾರ! ದೇವರು ಕಂಡಾನ ನಿಮಗ!" ಎಂದು ಅವನೂ ಅಳುತ್ತ ಉದ್ದಕ್ಕೆ ಬಿದ್ದ.

ಅವತ್ತೇ ಅವನು ಮನಸ್ಸು ಬಿಚ್ಚಿದ. "ನಮ್ಮ ಅಂಬಿಕಾ ಹನ್ನೆರಡನೇತ್ತಾ ಪಾಸಾಗ್ಯಾಳ್ರಿ. ಪಣಜ್ಯಾಗ ನರ್ಸಿಂಗ ಸೀಟು ಸಿಕ್ಕೈತಿ, ಕಲೀತೇನಿ ಅಂತಾಳ. ನಾ ನಮ್ಮಕ್ಕನ ಮಗಗ ಕೊಡ್ಬೇಕು ಅಂದೇನಿ. ಮೌನ ಬಿಡೂ ದಿನಾ ನಿಮ್ಮ ಬಾಯಾಗ ಮೊದಲ ಏನು ಬರತೈತಿ, ಅದ ಖರೇ. ಹಂಗ ಮಾಡ್ತೇನಿ. ಆದ್ರ ಅಪ್ಪಾರ, ಲಗ್ನ ಅನ್ರಿ!"

ಮೌನ ಮುರಿದವರ ಮೊದಲ ಮಾತು ಸುಳ್ಳಾಗುವುದಿಲ್ಲ ಎಂಬ ನಂಬಿಕೆ ನನಗೆ ಗೊತ್ತಿತ್ತು. ಅದು ನನ್ನ ಟಾನ್ಸಿಲ್ಲಿಗೇ ಬಂದು ಗಂಟುಬೀಳುತ್ತದೆಂದು ಮಾತ್ರ ಗೊತ್ತಿರಲಿಲ್ಲ. ನಿಜವಾಗಿ ಹೆದರಿದೆ. ಒಂದು ಹುಡುಗಿಯ ಬಾಳು ಒಬ್ಬ ಠಕ್ಕನ ನಾಲಿಗೆಯ ಮೇಲೆ ಬಂದು ಕುಳಿತಿತ್ತು!

ಮನೆಗೆ ಬಂದು ಪ್ರತಿಮಾಳ ಮುಂದೆ ಎಲ್ಲವನ್ನೂ ಬರೆದೆ. ಮೂರು ಸಲ ಸ್ಲೇಟು ತುಂಬಿತು.

"ಈಗರೇ ಖರೇ ಹೇಳ್ತೀರೇನು?" ಎಂದಳು.

"ನಗುತ್ತಾರೆ!"

"ನಗಲಿ ಬಿಡ್ರಿ."

"ನಾನು ಈರೇಶ! ನಗೆಪಾಟಲಾಗುವವನಲ್ಲ! ನಡೆಸಿಯೇ ತೀರುತ್ತೇನೆ!"

"ನಡಸ್ರಿ ಹಂಗಾರ," ಎಂದು ಅವಳು ಗಂಜಿ ಆರಿಸಲು ಹೋದಳು. ಯಾವಾಗಲೂ ಒಂದು ತಾಸು ವಾದಿಸುವ ಹೆಂಡತಿ ಅಷ್ಟು ಬೇಗ ಬಿಟ್ಟುಕೊಟ್ಟದ್ದು ನನ್ನ ತೇಜಸ್ಸಿನ ಪ್ರಭಾವವೆಂದೇ ನಂಬಿದೆ.

ಹತ್ತು ದಿನ ಕಳೆದು ಮೌನ ಬಿಡುವ ಸೋಮವಾರ ಬಂತು. ಅಂಗಡಿಯ ಮುಂದೆ ಜನವೋ ಜನ! ಹುಲಿಗೆಪ್ಪ ತನ್ನ ಹಮಾಲರ ಟೋಳಿಯನ್ನೇ ಕರೆತಂದಿದ್ದ. ಚೆಂಡುಹೂವಿನ ಹಾರ ನನ್ನ ಕುತ್ತಿಗೆಗೆ ಬಿತ್ತು. ತೆಂಗಿನಕಾಯಿ ಒಡೆದರು. ಸಾವಂತ್ರೆವ್ವ ಮುಂದೆ ಬಂದು ಸೆರಗೊಡ್ಡಿದಳು.

"ಅಪ್ಪಾರ, ಹತ್ತು ಮಂದಿ ಮುಂದ ಕೇಳಾಕತ್ತೇನ್ರಿ. ನಮ್ಮ ಅಂಬಿಕಾ ಕಲೀಲೋ, ಲಗ್ನ ಮಾಡ್ಲೋ?"

ಹುಲಿಗೆಪ್ಪ ಮುಂದಿನ ಸಾಲಿನಲ್ಲಿ ನಿಂತು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ: ಲಗ್ನ, ಲಗ್ನ. ಅವನ ಬೆನ್ನ ಹಿಂದೆ ಅಂಬಿಕಾ. ಕಾಲೇಜಿನಿಂದ ಬಂದ ಕಾಗದವನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಹಮಾಲರ ಟೋಳಿ ಒಂದು ಕಡೆ, ಈ ಕಾಗದ ಒಂದು ಕಡೆ. ಠಕ್ಕನಾದರೇನು, ಅಂಜುಬುರುಕನಲ್ಲ ನಾನು!

"ಕಲೀಲಿ!" ಎಂದೆ.

ಹತ್ತು ದಿನ ಮುಚ್ಚಿದ್ದ ಗಂಟಲು. ಧ್ವನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ಗಡಸಾಗಿ ಬಂತು. ನನಗೇ ಮೈ ಜುಮ್ಮೆಂದಿತು. ಹುಲಿಗೆಪ್ಪನ ಮುಖ ಬಾಡಿತು, ಆದರೆ ಒಂದು ಕ್ಷಣ ಮಾತ್ರ. "ಆತ್ರಿ ಅಪ್ಪಾರ. ದೇವರ ಮಾತಿಗೆ ನಾ ಯಾರು ಎದುರಾಡಾಕ?" ಎಂದು ಕಾಲಿಗೆರಗಿ, ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟ. ಅಂಬಿಕಾ ಆ ಕಾಗದದಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಸುಳ್ಳೇಕೆ, ನನಗೂ ಕಣ್ಣು ತುಂಬಿತು. ಆ ದಿನ ಚಟ್ನಿಯ ಸಹಾಯವಿರಲಿಲ್ಲ.

ಸಂಜೆ ಮನೆಯಲ್ಲಿ ನಾನು ಹಾರ ತೆಗೆಯದೆ ಕುರ್ಚಿಯಲ್ಲಿ ವಿರಾಜಮಾನನಾದೆ. "ನೋಡಿದಿ? ಇಡೀ ವಾಸ್ಕೋದಾಗ ಒಬ್ಬನ ಒಬ್ಬಗೂ ಗೊತ್ತಾಗ್ಲಿಲ್ಲ! ಒಂದು ಹುಡುಗಿ ಬಾಳ್ವೆ ಉಳಿಸೀನಿ, ಮಾನಾನೂ ಉಳಿಸ್ಕೊಂಡೀನಿ! ಇದಕ್ಕ ಅಂತಾರ ತಲಿ!"

"ಹೌದ್ರಿ, ಭಾಳ ದೊಡ್ಡ ತಲಿ," ಎಂದಳು ಪ್ರತಿಮಾ.

ಅಷ್ಟರಲ್ಲಿ ಬಾಗಿಲಲ್ಲಿ ಸಾವಂತ್ರೆವ್ವ. ಕೈಯಲ್ಲಿ ಐಸ್‌ಕ್ರೀಮಿನ ಡಬ್ಬಿ!

"ತಗೊಳ್ರಿ ಸಾವ್ಕಾರ್ರ. ಟಾನ್ಸಿಲ್ ಗಾಯ ಮಾಯ್ತೇನ್ರಿ?"

ನಾನು ಕುರ್ಚಿಯಿಂದ ಜಾರಿದೆ. "ನಿನಗ… ನಿನಗ ಹೆಂಗ…"

"ನೀವು ದವಾಖಾನ್ಯಾಗ ಇದ್ದಾಗನ ಅಕ್ಕಾರು ಹೇಳಿದ್ರಲ್ರಿ. ಮೌನದ ಉಪಾಯನೂ ಅವರದ. ಖರೇ ಹೇಳ್ರಿ ಅಂದಷ್ಟೂ ನೀವು ಮುಚ್ಚಿಡ್ತೀರಿ ಅಂತ ಅವರಿಗೆ ಗೊತ್ತಿತ್ರಿ. ನಮ್ಮನಿಯವ್ರು ನನ್ನ ಮಾತು ಕೇಳೂದಿಲ್ಲ, ಮಗಳ ಮಾತೂ ಕೇಳೂದಿಲ್ಲ. ಮೌನ ಹಿಡಿದವರ ಮಾತಂದ್ರ ಜೀವಾ ಬಿಡ್ತಾರ. ಅದಕ್ಕ ಮೊದಲನೇ ದಿನಾನ ಬಂದು ಕೈ ಮುಗಿದ್ನಿರಿ."

ನಾನು ಪ್ರತಿಮಾಳ ಕಡೆ ತಿರುಗಿದೆ. "ಮತ್ತ ನಾ 'ಲಗ್ನ' ಅಂದಿದ್ರ?"

"ಅಂದಿದ್ರ ಅಲ್ಲೇ ಎಲ್ಲಾರ ಮುಂದ ಹೇಳ್ತಿದ್ನಿ, ಇದು ಮೌನ ಅಲ್ಲ, ಟಾನ್ಸಿಲ್ ಅಂತ," ಎಂದಳು ಪ್ರತಿಮಾ ತಣ್ಣಗೆ. "ಆದ್ರ ನೀವು ಹಂಗ ಅನ್ನೂದಿಲ್ಲ ಅಂತ ನಂಗ ಗೊತ್ತಿತ್ತು."

ಹೊಗಳಿದಳೋ ಹರಾಜು ಹಾಕಿದಳೋ ತಿಳಿಯದೆ ನಾನು ಹಾರ ತೆಗೆದಿಟ್ಟೆ. ಸಾವಂತ್ರೆವ್ವ ಹೊರಡುವಾಗ ಬಾಗಿಲಲ್ಲಿ ನಿಂತು ಚಿಂತೆಯಿಂದ ನನ್ನನ್ನು ನೋಡಿದಳು.

"ಅಕ್ಕಾರ, ಇನ್ನ ನಮ್ಮ ಸಣ್ಣಾಕಿ ಮೀನಾ ಅದಾಳಲ್ರಿ. ಆಕೀದು ಹನ್ನೆರಡನೇತ್ತಾ ಮುಗಿಯಾಕ ಎರಡು ವರ್ಷ ಐತಿ. ಆವಾಗ ಏನು ಮಾಡೂದ್ರಿ? ಸಾವ್ಕಾರ್ರ ಕಡೆ ಟಾನ್ಸಿಲ್ ಅಂತೂ ಉಳದಿಲ್ಲ."

"ಚಿಂತಿ ಮಾಡಬ್ಯಾಡ ಸಾವಂತ್ರೆವ್ವ," ಎಂದಳು ನನ್ನ ಹೆಂಡತಿ. "ಮೂವತ್ತೆರಡು ಹಲ್ಲು ಹಂಗ ಅದಾವ!"

ನಾನು ಥಟ್ಟನೆ ಬಾಯಿ ಮುಚ್ಚಿಕೊಂಡೆ. ಈ ಸಲ ಯಾವ ಡಾಕ್ಟರೂ ಹೇಳಿರಲಿಲ್ಲ.